ಕಾಟಮ್ಮನ ಬಂದೂಕಿನ ಮರ

ಕಾಟಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ಫರ್ಜಾನಾ ತೂಗುಮಂಚದ ಹಲಗೆಯೊಂದಕ್ಕೆ ಎರಡನೇ ಕೈ ಪಾಲಿಶ್ ಎಳೆಯುತ್ತಿದ್ದಳು. ಎಳೆಯುವಾಗ ನಡುವೆ ಕೈ ನಿಲ್ಲಿಸಿದರೆ ಗೆರೆ ಬಿದ್ದುಬಿಡುತ್ತದೆ. ಹಾಗಾಗಿ ಗಲ್ಲದಿಂದಲೇ ಬೆಂಚು ತೋರಿಸಿ, ಹಲಗೆಯ ಆ ತುದಿ ಮುಟ್ಟುವವರೆಗೂ ತಲೆ ಎತ್ತಲಿಲ್ಲ. ಬಂದವಳು ಅವಸರ ಮಾಡಲಿಲ್ಲ. ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟನ್ನು ತೊಡೆಯ ಮೇಲೆ ಮಗುವಿನ ಹಾಗೆ ಅಡ್ಡಲಾಗಿ ಇಟ್ಟುಕೊಂಡು ಕೂತಳು.

ಚಳ್ಳಕೆರೆಯ ಬಳ್ಳಾರಿ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ಆ ಅಂಗಡಿ ನಲವತ್ತು ವರ್ಷದಿಂದ ಇದೆ. ಮೊದಲ ಮೂವತ್ತೈದು ವರ್ಷ ಅಲ್ಲಿ ಪಾಲಿಶ್ ಕೆಲಸ ಮಾಡಿದವನು ಚಾಂದ್ ಪಾಷ. ಐದು ವರ್ಷದ ಕೆಳಗೆ ಅವನ ಬಲಗೈ ನಡುಗಲು ಶುರುವಾಯಿತು. ಬಟ್ಟೆಯ ಉಂಡೆ ಹಿಡಿದರೆ ಮರದ ಮೇಲೆ ಅಲೆ ಅಲೆಯಾಗಿ ಕಲೆ ಬೀಳತೊಡಗಿತು. ಮಗಳು ಫರ್ಜಾನಾ ಅವನ ಕೈಯಿಂದ ಬಟ್ಟೆ ತೆಗೆದುಕೊಂಡು, "ನೀವು ಕೂತ್ಕೊಂಡು ಹೇಳ್ರಿ ಅಬ್ಬಾ, ನಾನು ಮಾಡ್ತೀನಿ" ಅಂದಳು. ಮೊದಮೊದಲು ಗಿರಾಕಿಗಳು ಅವಳನ್ನು ದಾಟಿ ಅಪ್ಪನ ಹತ್ತಿರ ಮಾತಾಡುತ್ತಿದ್ದರು. ಈಗ ಅಪ್ಪನನ್ನು ದಾಟಿ ಅವಳ ಹತ್ತಿರ ಬರುತ್ತಾರೆ. ಅವನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಂದವರ ಮರ ನೋಡಿ, ಇದು ತೇಗ, ಇದು ಮತ್ತಿ, ಇದು ತೇಗ ಅಂತ ಹೇಳಿ ಟೋಪಿ ಹಾಕಿದ ಬೇವು ಎಂದು ತೀರ್ಪು ಕೊಡುತ್ತಾನೆ.

ಹಲಗೆಯ ಕೆಲಸ ಮುಗಿಸಿ ಫರ್ಜಾನಾ ಕೈ ಒರೆಸಿಕೊಂಡು ಬಂದಳು. ಕಾಟಮ್ಮ ಕಂಬಳಿ ಬಿಚ್ಚಿದಳು. ಒಳಗೆ ಇದ್ದದ್ದು ಒಂದು ಹಳೆಯ ರೈಫಲಿನ ಮರ. ನಳಿಗೆಯಿಲ್ಲ, ಕುದುರೆಯಿಲ್ಲ, ಹಿಡಿಯುವ ಮರವಷ್ಟೇ. ಅದಕ್ಕೆ ಯಾರೋ ಕಡುಕಪ್ಪು ಆಯಿಲ್ ಪೇಂಟ್ ಬಳಿದಿದ್ದರು. ಅಲ್ಲಲ್ಲಿ ಬಣ್ಣ ಚಕ್ಕೆಯೆದ್ದು, ಎದ್ದ ಕಡೆಯೆಲ್ಲ ಮಣ್ಣು ಸೇರಿ, ಸುಟ್ಟ ಸೌದೆಯಂತೆ ಕಾಣುತ್ತಿತ್ತು.

"ಇದಕ್ಕೆ ಪಾಲಿಶ್ ಮಾಡ್ಕೊಡ್ತೀಯೇನಮ್ಮಾ?" ಕಾಟಮ್ಮ ಕೇಳಿದಳು.

"ಮಾಡ್ತೀನಿ. ಕಬ್ಬಿಣ ಎಲ್ಲೈತೆ?"

"ಮನೇಲಿ ಬೀರುವಿನಾಗೆ ಬೀಗ ಹಾಕಿಟ್ಟು ಬಂದೀನಿ. ಬಸ್ಸಿನಾಗೆ ಇಡೀ ಬಂದೂಕು ಹಿಡ್ಕಂಡು ಬಂದ್ರೆ ಜನ ಸುಮ್ನಿರ್ತಾರಾ?"

"ಕಾಗದ ಐತಾ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿದ್ದವಳಂತೆ ಕಾಟಮ್ಮ ಸೊಂಟದ ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಬೆಳೆ ಕಾಯುವುದಕ್ಕೆಂದು ಕೊಟ್ಟ ಲೈಸೆನ್ಸು. ಹೆಸರು ಕಾಟಮ್ಮ, ಗಂಡ ದಿವಂಗತ ಹನುಮಣ್ಣ, ದೇವಸಮುದ್ರ ಹೋಬಳಿಯ ಒಂದು ಹಳ್ಳಿ. ಫರ್ಜಾನಾ ಅದನ್ನು ಪೂರ್ತಿ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಹೆಂಗಸೊಬ್ಬಳ ಹೆಸರಿನ ಬಂದೂಕಿನ ಲೈಸೆನ್ಸನ್ನು ಅವಳು ನೋಡಿದ್ದು ಅದೇ ಮೊದಲು. ಆದರೆ ಮರಕ್ಕೆ ಪಾಲಿಶ್ ಹಾಕುವ ಹೆಂಗಸನ್ನು ಕಂಡು ಬೇರೆಯವರು ಹುಬ್ಬೇರಿಸುವುದು ಅವಳಿಗೆ ಹೇಗನಿಸುತ್ತಿತ್ತೆಂದು ಚೆನ್ನಾಗಿ ನೆನಪಿತ್ತು. ಹಾಗಾಗಿ ತಾನು ಹುಬ್ಬೇರಿಸಲಿಲ್ಲ.

"ನಮ್ಮ ಯಜಮಾನ್ರು ಹೋಗಿ ಒಂದೂವರೆ ವರ್ಷ ಆತು," ಕಾಟಮ್ಮ ಹೇಳಿದಳು. "ಗುಡ್ಡದ ಬುಡದಾಗೆ ನಾಲ್ಕು ಎಕರೆ ಶೇಂಗಾ. ಹಂದಿ ಹಿಂಡು ಇಳಿದ್ರೆ ಒಂದು ಸಾಲೂ ಬಿಡಂಗಿಲ್ಲ. ಅಲೆದೂ ಅಲೆದೂ ಲೈಸೆನ್ಸು ನನ್ನ ಹೆಸರಿಗೆ ಮಾಡಿಸ್ಕಂಡೆ. ಮುಂದಿನ ತಿಂಗಳು ಮೊಳಕಾಲ್ಮುರಿನಾಗೆ ಲೈಸೆನ್ಸಿನೋರಿಗೆ ತರಬೇತಿ ಐತೆ, ಬಂದೂಕು ತಗಂಡು ಬರ್ರಿ ಅಂದವ್ರೆ. ಅಲ್ಲಿ ಬರೋರೆಲ್ಲ ಗಂಡಸರು. ಅವರ ಮುಂದೆ ಈ ಇದ್ದಿಲು ಹಿಡ್ಕಂಡು ನಿಂತ್ಕಣಾಕೆ ನನಗೆ ಮನಸ್ಸಿಲ್ಲ."

ಚಾಂದ್ ಪಾಷ ಸ್ಟೂಲಿನಿಂದಲೇ ನಕ್ಕ. "ಸರಿಯಾಗಿ ಹೇಳಿದ್ರಿ ಅಮ್ಮಾ."

ಫರ್ಜಾನಾ ಮರವನ್ನು ಅವಳ ಕೈಗೇ ಕೊಟ್ಟು, ಹೊಡೆಯುವಾಗ ಹೇಗೆ ಹಿಡಿಯುತ್ತೀರಿ ತೋರಿಸಿ ಎಂದಳು. ಕುರ್ಚಿಯ ಕೈಯಾಗಲಿ, ಊರುಗೋಲಾಗಲಿ, ಬಾಚಿಯ ಹಿಡಿಯಾಗಲಿ, ಬಳಸುವವರು ಹಿಡಿದಿದ್ದನ್ನು ನೋಡದೆ ಮರಕ್ಕೆ ಕೈ ಹಾಕಬಾರದೆಂದು ಅವಳಪ್ಪ ಕಲಿಸಿದ್ದ. ಕಾಟಮ್ಮ ಎದ್ದು ನಿಂತಳು. ಐದಡಿಗೂ ಒಂದಿಷ್ಟು ಕಡಿಮೆ ಎತ್ತರದ, ಗಟ್ಟಿ ಮೈಕಟ್ಟಿನ ಹೆಂಗಸು, ಅರವತ್ತು ದಾಟಿರಬಹುದು. ಮರವನ್ನು ಹೆಗಲಿಗೆ ತಂದರೆ ಅದು ಹೆಗಲಿಗೆ ಕೂರಲೇ ಇಲ್ಲ. ತೋಳಿನ ಮೇಲೆ ಜಾರಿ ನಿಂತಿತು. ಬೆರಳು ಕುದುರೆಯ ಜಾಗಕ್ಕೆ ತಲುಪಲೆಂದು ಅವಳು ಮೈಯನ್ನು ಹಿಂದಕ್ಕೆ ಬಾಗಿಸಿ, ಕತ್ತು ಚಾಚಿದಳು.

"ಹೊಡೆದೀರಾ ಇದರಾಗೆ?"

"ಎರಡು ಸಲ, ಆಕಾಶಕ್ಕೆ. ಹಂದಿ ಓಡಿದ್ವು. ನಾನೂ ಬಿದ್ದೆ." ಕಾಟಮ್ಮ ಸೆರಗು ಸರಿಸಿದಳು. ಬಲತೋಳಿನ ಮೇಲೆ ಅಂಗೈಯಗಲ ಹಸಿರುಗಟ್ಟಿದ ಪೆಟ್ಟು, ಅದರ ಮೇಲೆ ಅರಿಶಿನ. "ಕೆನ್ನೆನೂ ಊದಿತ್ತು."

"ಇದು ನಿಮ್ಮಳತೇದಲ್ಲ. ಹಿಂದುಗಡೆ ಒಂದೂಕಾಲು ಇಂಚು ಕತ್ತರಿಸಿದ್ರೆ ಸರಿಯಾಗಿ ಹೆಗಲಿಗೆ ಕೂರ್ತೈತೆ."

ಕಾಟಮ್ಮ ಮರವನ್ನು ತನ್ನ ಕಡೆಗೆ ಎಳೆದುಕೊಂಡಳು. "ಕತ್ತರಿಸೋ ಮಾತು ಬ್ಯಾಡ. ಅವರು ಆರಡಿ ಆಳು. ಅವರು ಹಿಡಿದಿದ್ದು ಹಿಡಿದಂಗೇ ಇರ್ಲಿ. ಬಣ್ಣ ತೆಗೆದು ಹೊಳಪು ಬರಿಸು, ಸಾಕು."

ಫರ್ಜಾನಾ ಮತ್ತೆ ಒತ್ತಾಯಿಸಲಿಲ್ಲ. ಇಪ್ಪತ್ತು ದಿನ ಕೇಳಿದಳು. ಕಾಟಮ್ಮ ಕಂಬಳಿಯನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು, ತಳಕಿನ ಕಡೆಯ ಬಸ್ಸು ಎಷ್ಟೊತ್ತಿಗೆಂದು ಚಾಂದ್ ಪಾಷನನ್ನು ವಿಚಾರಿಸಿ ಹೊರಟಳು.

ಮಾರನೆಯ ದಿನ ಬೆಳಿಗ್ಗೆ ಫರ್ಜಾನಾ ಬಣ್ಣ ತೆಗೆಯುವ ಔಷಧ ಸವರಿ, ಅದು ಗುಳ್ಳೆಯೇಳುವವರೆಗೆ ಕಾದು, ಗಾಜಿನ ಚೂರಿನಿಂದ ಹೆರೆಯತೊಡಗಿದಳು. ಕಪ್ಪು ಬಣ್ಣ ಸುರುಳಿ ಸುರುಳಿಯಾಗಿ ಬಿತ್ತು. ಅದರ ಕೆಳಗೆ ಬೆಲ್ಲದ ಪಾಕದಂತೆ ಅಂಟುವ ಒಂದು ಪದರ. ಚಾಂದ್ ಪಾಷ ಬೆರಳಿಗೆ ಹಚ್ಚಿಕೊಂಡು ಮೂಸಿದ.

"ಶೇಂಗಾ ಎಣ್ಣೆ," ಅಂದ. "ಪಾಪ, ಇದರ ಯಜಮಾನ ಪ್ರೀತಿಯಿಂದ ಹಚ್ಚಿದಾನೆ. ಇದು ಮರದ ಮೇಲೆ ಯಾವತ್ತೂ ಒಣಗಲ್ಲ. ಧೂಳು ಹಿಡ್ಕೊಂಡು ಕೂರ್ತೈತೆ."

ಆ ಅಂಟೂ ಹೋದ ಮೇಲೆ ಮರ ಕಂಡಿತು. ಫರ್ಜಾನಾ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದಳು. ಕಂದು ಬಣ್ಣದ ನಡುವೆ ಹೊಗೆಯಂಥ ಕಪ್ಪು ಎಳೆಗಳು ಹಿಂಬದಿಯಿಂದ ಕತ್ತಿನವರೆಗೂ ಹರಿದು ಬಂದಿದ್ದವು. ಅಪ್ಪ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಕ್ರೋಟ್," ಚಾಂದ್ ಪಾಷ ಹೇಳಿದ. "ಕಾಶ್ಮೀರದ್ದು. ನನ್ನ ಸರ್ವಿಸ್‌ನಲ್ಲಿ ಮೂರೇ ಸಲ ನೋಡಿದೀನಿ ಬೇಟಿ."

ಆದರೆ ಫರ್ಜಾನಾಳ ಬೆರಳು ಬೇರೊಂದು ಕಡೆ ನಿಂತಿತ್ತು. ಕೈ ಹಿಡಿಯುವ ಸಣ್ಣ ಕತ್ತಿನ ಬಳಿ ಮರ ಮರದಂತಿರಲಿಲ್ಲ. ತಣ್ಣಗೆ, ಸುಣ್ಣದಂತೆ ಇತ್ತು. ಉಗುರಿನಿಂದ ಕೆರೆದಳು. ಪುಡಿ ಬಂತು. ಬಾಗಿಲಿನ ತೂತು ಮುಚ್ಚುವ ಲಪ್ಪವನ್ನು ಯಾರೋ ಅಲ್ಲಿ ತುಂಬಿದ್ದರು. ದಬ್ಬಳದಿಂದ ಅದನ್ನೆಲ್ಲ ಕೆದಕಿ ತೆಗೆದಾಗ ಓರೆಯಾಗಿ, ನಾಲ್ಕು ಬೆರಳುದ್ದ, ಒಂದು ಬಿರುಕು ಬಾಯಿ ಬಿಟ್ಟಿತು. ಎರಡೂ ಕಡೆ ಹಿಡಿದು ಮೆಲ್ಲಗೆ ಹಿಂಡಿದರೆ ಮರ ಕಿರ್ರೆಂದಿತು. ಇಷ್ಟು ದಿನ ಇಡೀ ಮರವನ್ನು ಒಟ್ಟಾಗಿ ಹಿಡಿದಿದ್ದದ್ದು ಲಪ್ಪ, ಬಣ್ಣ ಮತ್ತು ಅದೃಷ್ಟ.

"ಇನ್ನೊಂದು ಸಲ ಹೊಡೆದಿದ್ರೆ?" ಅವಳು ಕೇಳಿದಳು.

"ಮುರಿದು ಮುಖಕ್ಕೆ ಬರ್ತಿತ್ತು," ಚಾಂದ್ ಪಾಷ ಹೇಳಿದ.

ಕಾಟಮ್ಮನಿಗೆ ಫೋನ್ ಮಾಡಬೇಕೆಂದು ಫರ್ಜಾನಾ ಎರಡು ಸಲ ಪ್ರಯತ್ನಿಸಿದಳು. ಹೊಲದಲ್ಲಿ ಸಿಗ್ನಲ್ ಇರಲಿಲ್ಲವೇನೋ, ಸಿಗಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಇಳಿದವನು ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬರುವಷ್ಟು ಎತ್ತರದ ಆಳು. ವಯಸ್ಸು ನಲವತ್ತೆಂಟು ಐವತ್ತು.

"ನಮ್ಮತ್ತಿಗೆ ಕಾಟಮ್ಮ ಒಂದು ಬಂದೂಕಿನ ಮರ ಕೊಟ್ಟು ಹೋಗವ್ಳಲ್ಲ, ಅದನ್ನ ವಾಪಸ್ ಕೊಡ್ರಿ," ಅಂದ. "ನಾನು ಹನುಮಣ್ಣನ ತಮ್ಮ, ಎರ್ರಿಸ್ವಾಮಿ."

"ಕೊಟ್ಟೋರು ಬಂದು ಕೇಳಿದ್ರೆ ಕೊಡ್ತೀನಣ್ಣ," ಫರ್ಜಾನಾ ಎದ್ದು ನಿಂತು ಹೇಳಿದಳು.

"ಅದು ನಮ್ಮಣ್ಣನ ಬಂದೂಕು. ಬಣ್ಣ ಗಿಣ್ಣ ಏನೂ ತೆಗೆಯೋದು ಬ್ಯಾಡ. ಹೆಂಗಿತ್ತೋ ಹಂಗೆ ಕೊಡ್ರಿ. ಅವಳಿಗೆ ವಯಸ್ಸಾಗೈತೆ, ಅವಳ ಕೈಲಿ ಅದು ಆಗಲ್ಲ. ಲೈಸೆನ್ಸು ನನ್ನ ಹೆಸರಿಗೆ ಮಾಡ್ಕೊಡು ಅಂತ ದಿನಾ ಬಡ್ಕಂತಿದೀನಿ."

ಅವನ ದನಿಯೇನೋ ದೊಡ್ಡದಾಗಿತ್ತು. ಆದರೆ ಕಣ್ಣು ಮಾತಾಡುತ್ತಿದ್ದವಳ ಮೇಲಿರದೆ ಅಂಗಡಿಯ ಮೂಲೆ ಮೂಲೆಯಲ್ಲಿ ಮರವನ್ನು ಹುಡುಕುತ್ತಿತ್ತು. ಫರ್ಜಾನಾ ಒಳಗೆ ಹೋಗಿ ಮರವನ್ನು ತಂದು, ಬಿರುಕು ಮೇಲೆ ಬರುವ ಹಾಗೆ ಬೆಂಚಿನ ಮೇಲಿಟ್ಟಳು.

ಎರ್ರಿಸ್ವಾಮಿ ನೋಡಿದ. ಮರದ ಪಕ್ಕದಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ.

"ಇದಕ್ಕೆ ಲಪ್ಪ ತುಂಬಿದ್ದು ನೀವಾ?" ಫರ್ಜಾನಾ ಕೇಳಿದಳು.

ಚಾಂದ್ ಪಾಷ ನಡುಗುವ ಕೈಯಿಂದಲೇ ಚೊಂಬು ಎತ್ತಿ ನೀರು ಕೊಟ್ಟ. ಕುಡಿದ ಮೇಲೆ ಎರ್ರಿಸ್ವಾಮಿಗೆ ಮಾತು ಹೊರಟಿತು.

"ನಾಲ್ಕು ವರ್ಷದ ಕೆಳಗೆ. ಅಣ್ಣ ಊರಾಗಿರ್ಲಿಲ್ಲ. ಒಂದು ಸಲ ನಾನೂ ಹೆಗಲಿಗೆ ಹಾಕ್ಕಂಡು ಹೊಲದ ತಂಕ ಹೋಗಿ ಬರಾಣ ಅಂತ ಆಸೆ ಆತು. ಬೈಕು ಜಾರಿ ಬಿದ್ದೆ. ನನಗೇನೂ ಆಗಲಿಲ್ಲ. ಇದು ಬಂಡೆ ಮ್ಯಾಲೆ ಬಿದ್ದು ಬಿರುಕು ಬಿಟ್ತು. ಲಪ್ಪ ತುಂಬಿದೆ. ಗೇಟಿಗೆ ಹೊಡೆದು ಮಿಕ್ಕಿದ್ದ ಬಣ್ಣ ಇತ್ತು, ಬಳಿದುಬಿಟ್ಟೆ. ಹುಳ ಹಿಡಿಬಾರ್ದು ಅಂತ ಬಣ್ಣ ಹೊಡೆದೀನಿ ಅಂದೆ. ಅಣ್ಣ ಒಳ್ಳೇ ಕೆಲಸ ಮಾಡಿದೆ ಬಿಡು ಅಂದ."

"ಆಮೇಲೂ ಹೇಳಲಿಲ್ಲವಾ?"

"ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ಅವನೇ ಹೋಗಿಬಿಟ್ಟ. ಅತ್ತಿಗೆ ಹೊಡೆದು ಕೆನ್ನೆ ಊದಿಸ್ಕಂಡ್ಳಲ್ಲ, ಅವತ್ತು ಒಳಗಿನ ಬಿರುಕು ಬಾಯಿ ಬಿಟ್ಟೈತೆ ಅಂತ ಗೊತ್ತಾತು. ಅವಳ ಕೈಯಿಂದ ಇದನ್ನ ಬಿಡಿಸಬೇಕು ಅಂತಲೇ ಲೈಸೆನ್ಸು ಕೊಡು ಅಂದೆ. ನಾನು ಆಸೆಬುರುಕ ಅಂದ್ಕಂಡ್ಳು. ಅಂದ್ಕಳ್ಳಲಿ ಅಂತ ಸುಮ್ನಾದೆ."

ಫರ್ಜಾನಾಗೆ ಸಿಟ್ಟು ಬಂದಿತ್ತು. ಈ ಆರಡಿ ಮನುಷ್ಯನ ನಾಚಿಕೆಯ ದೆಸೆಯಿಂದ ಒಬ್ಬ ಹೆಂಗಸಿನ ಕಣ್ಣು ಹೋಗುತ್ತಿತ್ತು. ಆದರೆ ಬೈದು ಕಳಿಸಿದರೆ ಅವನು ಮತ್ತೆ ನಾಳೆ ಎನ್ನುತ್ತಾನೆಂದು ಅವಳಿಗೆ ಅನ್ನಿಸಿತು.

"ನಾನು ಈ ಬಿರುಕು ಸರಿ ಮಾಡ್ತೀನಿ," ಎಂದಳು. "ಮಾಡಿದ ಮೇಲೆ ಹೊಸದಕ್ಕಿಂತ ಗಟ್ಟಿ ಇರ್ತೈತೆ. ಆದ್ರೆ ಅವರಿಗೆ ಹೇಳದೆ ಮುಟ್ಟಲ್ಲ. ನಾಳೆ ಅವರನ್ನ ಕರ್ಕೊಂಡು ಬರ್ರಿ. ಹೇಳೋದು ನೀವು. ನೀವು ಬರಲಿಲ್ಲ ಅಂದ್ರೆ ನಾಡಿದ್ದು ನಾನೇ ಸ್ಕೂಟರ್ ಹತ್ಕೊಂಡು ದೇವಸಮುದ್ರಕ್ಕೆ ಬರ್ತೀನಿ."

ಅವರು ಮಾರನೆಯ ದಿನ ಹನ್ನೊಂದು ಗಂಟೆಗೆ ಬಂದರು. ಬೈಕಿನ ಹಿಂದೆ ಕೂತು ಅಷ್ಟು ದೂರ ಬಂದ ಕಾಟಮ್ಮನಿಗೆ ದಾರಿಯಲ್ಲಿ ಅವನು ಏನನ್ನೂ ಹೇಳಿರಲಿಲ್ಲ. ಅಂಗಡಿಯೊಳಗೆ, ಮರದ ಮುಂದೆ ನಿಂತು, ನೆಲ ನೋಡುತ್ತಾ ಹೇಳಿದ. ಫರ್ಜಾನಾಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ, ಆದರೆ ಏನನ್ನೂ ಬಿಡಲಿಲ್ಲ.

ಕಾಟಮ್ಮ ಬಿರುಕಿನ ಮೇಲೆ ಬೆರಳಾಡಿಸಿದಳು.

"ನಾಲ್ಕು ವರ್ಷ," ಎಂದಳು. "ಲೇ ಎರ್ರಿ, ನಾಲ್ಕು ವರ್ಷದ ಕೆಳಗೇ ಅಲ್ಲೇನೋ ನಿಮ್ಮಣ್ಣ ಗುರಿ ತಪ್ತೈತೆ, ಕಣ್ಣು ಮಂದ ಆತು ಅಂತ ಶುರು ಮಾಡಿದ್ದು? ಅನಂತಪುರದ ತಂಕ ಹೋಗಿ ಕಣ್ಣು ತೋರಿಸ್ಕಂಡು ಬಂದ್ರು. ಡಾಕ್ಟ್ರು ಏನೂ ಇಲ್ಲ ಅಂದ್ರೂ ಕೇಳದೆ ಕನ್ನಡಕ ಹಾಕಿಸ್ಕಂಡ್ರು. ಆ ಕನ್ನಡಕ ಹಾಕ್ಕಂಡು ಹೊಲದ ಬದುವಿನಾಗೆ ಎಡವ್ತಿದ್ರು."

ಕಾಟಮ್ಮ ಮರವನ್ನು ಅವನ ಕಡೆಗೆ ಹೊರಳಿಸಿದಳು.

"ಒಂದು ಸಲ ಡಬ್ಬಿ ಇಟ್ಟು ಹೊಡೆದ್ರು. ಐದಕ್ಕೆ ಐದೂ ತಪ್ಪಿದ್ವು. ಅವತ್ತು ಉಣ್ಣಲಿಲ್ಲ. 'ನನ್ನ ಕಾಲ ಮುಗೀತು ಕಣೇ' ಅಂದ್ರು. ನೀನೂ ಅಲ್ಲೇ ಕೂತಿದ್ಯಲ್ಲೋ, ಪಡಸಾಲೆನಾಗೆ!"

"ಕೂತಿದ್ದೆ ಅತ್ತಿಗೆ."

ಅಷ್ಟು ಮಾತ್ರ ಹೇಳಿ ಅವನು ಅತ್ತ. ಮುಖ ಮುಚ್ಚಿಕೊಳ್ಳಲಿಲ್ಲ, ಹೊರಗೂ ಹೋಗಲಿಲ್ಲ. ಫರ್ಜಾನಾ ಎಲ್ಲಿ ನೋಡಬೇಕೆಂದು ತಿಳಿಯದೆ ಪಾಲಿಶ್ ಪೇಪರುಗಳನ್ನು ನಂಬರಿನ ಪ್ರಕಾರ ಜೋಡಿಸತೊಡಗಿದಳು. ಕಾಟಮ್ಮ ಮೈದುನನನ್ನು ಸಮಾಧಾನ ಮಾಡಲಿಲ್ಲ. ಅವನು ಅತ್ತು ಮುಗಿಸುವವರೆಗೆ ಮರದ ಆ ಹೊಗೆಯಂಥ ಎಳೆಗಳನ್ನು ನೋಡುತ್ತಾ ನಿಂತಿದ್ದಳು.

"ಇದು ಇಷ್ಟು ಚೆಂದ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ ನೋಡಮ್ಮಾ," ಎಂದಳು ಫರ್ಜಾನಾಗೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅವರು ಹಿಡಿದಿದ್ದು ಹಿಡಿದಂಗೇ ಇರ್ಲಿ ಅಂತ ಆಸೆ ಇತ್ತು. ಅದು ಹಂಗೆ ಇರಲೇ ಇಲ್ಲವಲ್ಲ, ಯಾವತ್ತೋ ಮುರಿದೈತೆ. ಇನ್ನು ನನ್ನ ತೋಳಿಗೆ ಆಗೋ ಹಂಗೆ ಮಾಡು. ಎಷ್ಟು ಕತ್ತರಿಸಬೇಕೋ ಕತ್ತರಿಸು."

ಫರ್ಜಾನಾ ಅವಳ ಮೊಣಕೈ ಮಡಿಸಿಸಿ, ಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪು ಹಿಡಿದಳು. ಮೂರು ಸಲ ಅಳೆದಳು. ಮೂರು ಸಲವೂ ಒಂದೇ ಬಂತು. ಅಳತೆಯನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಂಡಳು.

ಆ ಮೇಲಿನ ಎರಡು ವಾರ ಅವಳು ಬೇರೆ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿದಳೆಂದೇ ಹೇಳಬೇಕು. ತೂಗುಮಂಚದವರು ಎರಡು ಸಲ ಬಂದು ಗೊಣಗಿ ಹೋದರು. ಮೊದಲು ಬಿರುಕು. ಅದರ ಒಳಗೆ ಉಳಿದಿದ್ದ ಎಣ್ಣೆಯ ಜಿಡ್ಡನ್ನು ಥಿನ್ನರ್ ಬಿಟ್ಟು ಬಿಟ್ಟು ತೊಳೆದಳು. ಜಿಡ್ಡಿದ್ದರೆ ಯಾವ ಅಂಟೂ ಹಿಡಿಯುವುದಿಲ್ಲ. ಎರಡು ಟ್ಯೂಬಿನ ಅಂಟನ್ನು ಸಮನಾಗಿ ಕಲಸಿ, ಕೂದಲು ಒಣಗಿಸುವ ಯಂತ್ರದಿಂದ ಮರಕ್ಕೆ ಬಿಸಿ ಕೊಟ್ಟು ಬಿರುಕಿನ ಬುಡದವರೆಗೂ ಇಳಿಸಿದಳು. ಆದರೆ ಒತ್ತಿ ಹಿಡಿಯುವುದು ಹೇಗೆ? ಕತ್ತು ದುಂಡಗೆ, ಓರೆಯಾಗಿ ಇತ್ತು. ಅವಳ ಹತ್ತಿರವಿದ್ದ ಒಂದು ಕ್ಲ್ಯಾಂಪೂ ಅಲ್ಲಿ ನಿಲ್ಲಲಿಲ್ಲ. ಅಂಟು ಗಟ್ಟಿಯಾಗಲು ಅರ್ಧ ಗಂಟೆ ಮಾತ್ರ ಇತ್ತು.

"ಸೈಕಲ್ ಟ್ಯೂಬ್," ಚಾಂದ್ ಪಾಷ ಸ್ಟೂಲಿನಿಂದ ಎದ್ದೇಬಿಟ್ಟ. "ಸೀಳಿ ಪಟ್ಟಿ ಮಾಡು. ಎಳೆದು ಎಳೆದು ಸುತ್ತು. ಎಲ್ಲಾ ಕಡೆಯಿಂದ ಒಂದೇ ಸಮ ಹಿಂಡ್ತೈತೆ."

ಪಕ್ಕದ ಪಂಕ್ಚರ್ ಅಂಗಡಿಯಿಂದ ಹಳೆಯ ಟ್ಯೂಬು ಓಡೋಡಿ ಬಂತು. ಅವಳು ಎಳೆದು ಸುತ್ತಿದಳು, ಅಪ್ಪ ತುದಿ ಹಿಡಿದ. ಅವನ ಕೈ ನಡುಗುತ್ತಿತ್ತು, ಆದರೆ ಹಿಡಿತ ಸಡಿಲವಾಗಲಿಲ್ಲ. ಬಿರುಕಿನ ಉದ್ದಕ್ಕೂ ಜೇನಿನಂಥ ಅಂಟು ಸಣ್ಣ ಸಣ್ಣ ಹನಿಯಾಗಿ ಹೊರಬಂದಾಗ ಅವಳು ಪಟ್ಟಿಯ ತುದಿಗೆ ಗಂಟು ಹಾಕಿದಳು. ಎರಡು ದಿನ ಅದನ್ನು ಯಾರೂ ಮುಟ್ಟಲಿಲ್ಲ. ಟ್ಯೂಬು ಬಿಚ್ಚಿದ ಮೇಲೆ ಬಿರುಕಿಗೆ ಅಡ್ಡಲಾಗಿ ಎರಡು ಕಡೆ ಕೊರೆದು, ತಿರುಪಿನಂತೆ ಗೀರುಗಳುಳ್ಳ ಹಿತ್ತಾಳೆ ಕಡ್ಡಿ ಅಂಟಿನ ಜೊತೆ ತಿರುಗಿಸಿ ಕೂರಿಸಿದಳು. ಈ ಸಲ ಎರಡೂ ಕಡೆ ಹಿಡಿದು ಹಿಂಡಿದರೆ ಮರ ಸುಮ್ಮನಿತ್ತು.

ಕತ್ತರಿಸುವ ದಿನ ಗರಗಸಕ್ಕೆ ಹೊಸ ಬ್ಲೇಡು ಹಾಕಿದಳು. ಗೆರೆಯ ಸುತ್ತ ಮರ ಚಕ್ಕೆಯೇಳದಂತೆ ಟೇಪು ಸುತ್ತಿದಳು. ಕೈಗೆ ಸ್ವಲ್ಪವೂ ಅಳುಕಿರಲಿಲ್ಲ. ಅಳೆದದ್ದು ಅವಳೇ, ಹಿಡಿದದ್ದನ್ನು ಕಣ್ಣಾರೆ ನೋಡಿದವಳೂ ಅವಳೇ. ಒಂದೂಕಾಲು ಇಂಚಿನ ತುಂಡು ಗರಗಸದ ಕೆಳಗೆ ಮೆಲ್ಲನೆ ಕಳಚಿ ಬಿತ್ತು. ಹಿಂಬದಿಗೆ ಕಬ್ಬಿಣದ ತಗಡಿನ ಬದಲು ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ದಪ್ಪ ರಬ್ಬರ್ ಅಟ್ಟೆಯನ್ನು ಅದೇ ಆಕಾರಕ್ಕೆ ಕತ್ತರಿಸಿ ಜೋಡಿಸಿದಳು. ಅದರ ದಪ್ಪವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಳು.

ತಗ್ಗು ಬಿದ್ದ ಕಡೆಯೆಲ್ಲ ಒದ್ದೆ ಬಟ್ಟೆಯಿಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದಳು. ಆವಿ ಒಳಗಿಳಿದು ಒತ್ತಿಹೋಗಿದ್ದ ಮರ ಉಬ್ಬಿ ಮೇಲೆ ಬಂತು. ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನ್ನೂರು ನಂಬರಿನ ಪೇಪರು ಹಿಡಿದು ಉಜ್ಜಿದಳು. ಹೊಳಪಿಗೆ ಅರಗಿನ ಪಾಲಿಶ್ ಹಾಕಲಿಲ್ಲ; ಬೆವರು, ಬಿಸಿಲು, ಮಂಜು ಬೀಳುವ ವಸ್ತುವಿಗೆ ಅದು ತಡೆಯದು. ಬೇಕಾದದ್ದು ಕಾಯಿಸಿದ ಅಗಸೆ ಎಣ್ಣೆ. ಊರ ತುಂಬ ಎಣ್ಣೆ ಮಿಲ್ಲುಗಳಿರುವ ಚಳ್ಳಕೆರೆಯಲ್ಲಿ ಒಂದು ಲೀಟರು ಅಗಸೆ ಎಣ್ಣೆಗೆ ಅವಳು ಅರ್ಧ ದಿನ ಅಲೆದಳು. ಕೊನೆಗೆ ಹಳೆಯ ಬಣ್ಣದಂಗಡಿಯೊಂದರ ಅಟ್ಟದ ಮೇಲೆ ಸಿಕ್ಕಿತು. ದಿನಕ್ಕೆ ಒಂದೇ ಕೈ, ಅಂಗೈಯ ಬಿಸಿಯಿಂದಲೇ ಉಜ್ಜಿ, ಮಿಕ್ಕಿದ್ದನ್ನು ಒರೆಸಿ, ಬೆಳಿಗ್ಗೆಯವರೆಗೆ ಒಣಗಲು ಬಿಟ್ಟಳು. ಏಳನೇ ಕೈ ಹೊತ್ತಿಗೆ ಮರದ ಒಳಗಿನಿಂದಲೇ ಬೆಳಕು ಬಂದಂತೆ ಆ ಕಪ್ಪು ಎಳೆಗಳು ಎದ್ದು ನಿಂತವು. ಬಿರುಕು ಇದ್ದ ಕಡೆ ಹುಡುಕಿದರೆ ಸಿಗುವ ಒಂದು ಕೂದಲೆಳೆ, ಅದರ ಪಕ್ಕ ಸಾಸಿವೆಯಷ್ಟು ಎರಡು ಹಿತ್ತಾಳೆ ಚುಕ್ಕಿ. ಅವನ್ನು ಅವಳು ಮುಚ್ಚಲಿಲ್ಲ.

ತರಬೇತಿಯ ದಿನ ಫರ್ಜಾನಾ ಅಂಗಡಿಯನ್ನು ಅಪ್ಪನಿಗೆ ಬಿಟ್ಟು, ಮರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿಗೆ ಕಟ್ಟಿಕೊಂಡು ಬೆಳಿಗ್ಗೆ ಆರಕ್ಕೇ ಹೊರಟಳು. ತಳಕಿನಲ್ಲಿ ಚಹಾ ಕುಡಿದಳು. ಮೊಳಕಾಲ್ಮುರು ತಲುಪಿದಾಗ ಬಿಸಿಲು ಬಂಡೆಗುಡ್ಡಗಳ ಮೇಲೆ ಹತ್ತಿತ್ತು. ಊರಾಚೆ, ಗುಡ್ಡವೊಂದರ ಬುಡದಲ್ಲಿ ಮಣ್ಣಿನ ಒಡ್ಡು ಹಾಕಿ ಗುರಿ ಹಲಗೆ ನಿಲ್ಲಿಸಿದ್ದರು. ಹದಿನೈದಿಪ್ಪತ್ತು ಗಂಡಸರು, ಎಲ್ಲರೂ ಬಿಳಿ ಪಂಚೆ ಇಲ್ಲವೆ ಪ್ಯಾಂಟು, ಹೆಗಲ ಮೇಲೆ ಬಂದೂಕು. ಅವರಿಂದ ಸ್ವಲ್ಪ ದೂರದಲ್ಲಿ ಕಾಟಮ್ಮ, ನಳಿಗೆಯಿದ್ದ ಚೀಲ ಹಿಡಿದು ನಿಂತಿದ್ದಳು. ಎರ್ರಿಸ್ವಾಮಿಯೂ ಬಂದಿದ್ದ.

ತರಬೇತಿ ಕೊಡುವವರು ಮುರುಗೇಂದ್ರಪ್ಪ, ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅವರು ಮರವನ್ನು ಬೆಡ್‌ಶೀಟಿನಿಂದ ಬಿಚ್ಚಿ ಬಿಸಿಲಿಗೆ ಹಿಡಿದರು. ಸುತ್ತ ಜನ ಸೇರಿತು. ಮುರುಗೇಂದ್ರಪ್ಪನವರ ಕಣ್ಣು ಹೊಳಪಿನ ಮೇಲೆ ನಿಲ್ಲದೆ ನೇರ ಆ ಎರಡು ಹಿತ್ತಾಳೆ ಚುಕ್ಕಿಗಳ ಮೇಲೆ ಬಿತ್ತು.

"ಇಲ್ಲಿ ಮುರಿದಿತ್ತಾ?"

"ಹೌದು ಸರ್, ಬಿರುಕಿತ್ತು. ಅಂಟು ಇಳಿಸಿ, ಅಡ್ಡ ಕಡ್ಡಿ ಕೂರಿಸೀನಿ."

"ಯಾರು ಮಾಡಿದ್ದು?"

"ನಾನೇ."

ಅವರು ಅವಳನ್ನು ಒಮ್ಮೆ ನೋಡಿದರು. "ಮುಚ್ಚಿಡದೆ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಹೇಳಿದ ಮಾತು ನಂಬಿ ನಾನು ಯಾರ ಕೆನ್ನೆಗೂ ಇದನ್ನ ಕೊಡಲ್ಲ."

"ಕೊಡಬೇಡ್ರಿ ಸರ್. ಪರೀಕ್ಷೆ ಮಾಡ್ರಿ," ಎಂದಳು ಫರ್ಜಾನಾ.

ಅವರೇ ನಳಿಗೆ ಕೂರಿಸಿ ತಿರುಪು ಬಿಗಿ ಮಾಡಿದರು. ಲಾರಿಯ ಹಳೆ ಟೈರೊಂದಕ್ಕೆ ಬಂದೂಕನ್ನು ಕಟ್ಟಿ, ಕುದುರೆಗೆ ದಾರ ಕಟ್ಟಿ, ಎಲ್ಲರನ್ನೂ ಹಿಂದಕ್ಕೆ ಕಳಿಸಿದರು. ಟೈರು ಅಲುಗದಂತೆ ಮರಳು ಚೀಲ ಬೇಕಾಗಿತ್ತು. ಯಾರನ್ನೂ ಕೇಳದೆ ಎರ್ರಿಸ್ವಾಮಿ ಎರಡೆರಡು ಚೀಲ ಹೊತ್ತು ತಂದು ಹಾಕಿದ. ಆಮೇಲೆ ಬಂದು ಫರ್ಜಾನಾಳ ಪಕ್ಕ ನಿಂತ.

"ನಿಲ್ತೈತಾ ಅಮ್ಮಾ?" ಪಿಸುಗುಟ್ಟಿದ.

"ನಿಲ್ತೈತೆ," ಎಂದಳು. ಕೈ ಮಾತ್ರ ದುಪಟ್ಟಾದ ತುದಿಯನ್ನು ಬಿಗಿಯಾಗಿ ಸುತ್ತಿಕೊಂಡಿತ್ತು.

ಮುರುಗೇಂದ್ರಪ್ಪ ದಾರ ಎಳೆದರು. ಸದ್ದು ಗುಡ್ಡಕ್ಕೆ ಬಡಿದು ವಾಪಸಾಯಿತು. ಅವರು ಹೋಗಿ ಕನ್ನಡಕ ಏರಿಸಿ ಮರದ ಕತ್ತನ್ನು ನೋಡಿದರು, ಉಗುರಿನಿಂದ ಗೀರಿದರು, ಎರಡೂ ಕೈಯಿಂದ ತಿರುಚಿದರು. ಇನ್ನೊಂದು ಸಲ ಹೊಡೆದರು. ಮೂರನೆಯ ಸಲವೂ ಹೊಡೆದರು. ಬಿಚ್ಚಿಕೊಂಡು ವಾಪಸು ಬಂದು ಬಂದೂಕನ್ನು ಕಾಟಮ್ಮನ ಕೈಗಿತ್ತರು. "ಬರ್ರಿ ಅಮ್ಮಾ. ಮೊದಲು ನೀವೇ."

ಕಾಟಮ್ಮ ಸೆರಗು ಬಿಗಿದು ಮರಳು ಚೀಲದ ಹಿಂದೆ ಮೊಣಕಾಲೂರಿದಳು. ಬಂದೂಕು ಎತ್ತಿದಳು. ಹಿಂದಕ್ಕೆ ಬಾಗಲಿಲ್ಲ, ಕತ್ತು ಚಾಚಲಿಲ್ಲ. ರಬ್ಬರಿನ ತುದಿ ಹೆಗಲಿನ ಗುಳಿಯಲ್ಲಿ ಕೂತಿತು, ಕೆನ್ನೆ ಮರದ ಮೇಲೆ ತಾನಾಗಿ ಇಳಿಯಿತು. ಫರ್ಜಾನಾಗೆ ಅಷ್ಟು ನೋಡಿದ್ದೇ ಸಾಕಾಗಿತ್ತು. ಗುಂಡು ಎಲ್ಲಿಗೆ ಹೋಗುತ್ತದೆನ್ನುವುದು ಇನ್ನು ಕಾಟಮ್ಮನ ಪಾಲಿನ ಕೆಲಸ.

ಮೊದಲನೆಯದು ಹಲಗೆಯ ಮೇಲೆ ಹಾರಿ ಒಡ್ಡಿಗೆ ಬಿತ್ತು. ಹಿಂದೆ ಯಾರೋ ಕೆಮ್ಮಿದರು. "ಅಯ್ಯೋ ದೇವುಡಾ," ಎಂದಳು ಕಾಟಮ್ಮ, ಆದರೆ ಬಂದೂಕು ಇಳಿಸಲಿಲ್ಲ. "ಉಸಿರು ಬಿಟ್ಟು ಎಳೀರಿ," ಮುರುಗೇಂದ್ರಪ್ಪ ಹೇಳಿದರು. ಎರಡನೆಯದು ಹಲಗೆಯ ಮೂಲೆಗೆ. ಮೂರನೆಯದು ವೃತ್ತದ ಒಳಗೆ. ನಾಲ್ಕು ಮತ್ತು ಐದು ಒಂದರ ಪಕ್ಕ ಒಂದು, ನಡುವಿನ ಕಪ್ಪು ಚುಕ್ಕಿಯಿಂದ ಎರಡು ಬೆರಳಾಚೆ. ಆ ದಿನ ಬಂದ ಗಂಡಸರಲ್ಲಿ ಅವಳಿಗಿಂತ ಚೆನ್ನಾಗಿ ಹೊಡೆದವರು ನಾಲ್ವರೋ ಐವರೋ ಇದ್ದರು, ಅಷ್ಟೇ.

ಎರ್ರಿಸ್ವಾಮಿ ಹಲಗೆಯ ಕಾಗದವನ್ನು ಬಿಡಿಸಿಕೊಂಡು ಬಂದು ಅತ್ತಿಗೆಯ ಮುಂದೆ ಹಿಡಿದ. ಅವಳು ತೂತುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದಳು.

"ನಿಮ್ಮಣ್ಣ ಆಗಿದ್ರೆ ಐದೂ ನಡುವೆ ಹೊಡೀತಿದ್ರು," ಎಂದಳು.

"ಹೊಡೀತಿದ್ದ ಅತ್ತಿಗೆ."

"ಅವರ ಕಣ್ಣಿಗೆ ಏನೂ ಆಗಿರಲಿಲ್ಲ ಅಂತ ಊರಾಗೆ ಹೇಳಬೇಕು ನೀನು. ಅರಳಿಕಟ್ಟೆ ಮ್ಯಾಲೆ, ಎಲ್ಲರೂ ಕೂತಿರೋವಾಗ."

ಎರ್ರಿಸ್ವಾಮಿ ತಲೆಯಾಡಿಸಿದ. ಮುಂದಿನ ಸೋಮವಾರ ಅವನು ಹೇಳಿದನೆಂದು ಕಾಟಮ್ಮನೇ ಫೋನಿನಲ್ಲಿ ತಿಳಿಸಿದಳು. ಕೇಳಿದವರು ಒಂದಿಬ್ಬರು ನಕ್ಕರಂತೆ, ಒಬ್ಬರು ಬೈದರಂತೆ, ಆಮೇಲೆ ಎಲ್ಲರೂ ಸೇರಿ ಹನುಮಣ್ಣ ಯಾವ ವರ್ಷ ಯಾವ ಗುಡ್ಡದಿಂದ ಏನು ಹೊಡೆದನೆಂದು ಸಂಜೆಯ ತನಕ ಮಾತಾಡಿದರಂತೆ. ಮೈದುನನೂ ಮುಂದಿನ ತರಬೇತಿಗೆ ಹೆಸರು ಬರೆಸಿದ್ದಾನೆ, ಶೇಂಗಾ ಕೀಳುವವರೆಗೆ ಹೊಲದ ಕೆಳಗಿನ ಮಗ್ಗುಲು ಅವನ ಪಾಲು, ಮೇಲಿನದು ತನ್ನ ಪಾಲು ಎಂದಳು. ಲೈಸೆನ್ಸಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅದೆಲ್ಲ ಆಮೇಲಿನ ಮಾತು. ಅವತ್ತು ತರಬೇತಿ ಮುಗಿದಾಗ ಫರ್ಜಾನಾ ಸ್ಕೂಟರಿನ ಹತ್ತಿರ ಹೋದರೆ, ಮೂವರು ಗ್ರಾಮಸ್ಥರು ಬಂದೂಕಿನ ಮರಗಳನ್ನು ತೋರಿಸುತ್ತಾ ಕಾದಿದ್ದರು. ಒಂದಕ್ಕೆ ತಂತಿ ಸುತ್ತಿತ್ತು, ಇನ್ನೊಂದಕ್ಕೆ ಹಸಿರು ಬಣ್ಣ. ಮುರುಗೇಂದ್ರಪ್ಪ ತಮ್ಮದೂ ಒಂದು ಮನೆಯಲ್ಲಿದೆ ಎಂದರು. ಫರ್ಜಾನಾ ತಂತಿ ಸುತ್ತಿದ್ದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇದು ಅಕ್ರೋಟ್ ಅಲ್ಲ, ಬೀಟೆ," ಎಂದಳು. "ಮಾಡಬಹುದು. ಎಲ್ಲಿ ಅಣ್ಣಾ, ಹೆಗಲಿಗೆ ಹಿಡೀರಿ ನೋಡಾಣ."